ಅಪ್ಪನಿಗೆ ನಾನು ಹೇಳಿದ ಅರ್ಥ

ಆಸ್ಪತ್ರೆಯವರು ಅಪ್ಪನನ್ನು ಮನೆಗೆ ಕಳಿಸುವಾಗ ಕೊಟ್ಟ ಹಾಳೆ ಈಗಲೂ ನನ್ನ ಫೈಲಿನಲ್ಲಿದೆ. ಹೃದಯದ ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಹಾಳೆಯ ಮೇಲ್ಗಡೆ ಮಾತ್ರೆಗಳ ಹೆಸರು, ಬೆಳಗ್ಗೆ ಒಂದು ರಾತ್ರಿ ಒಂದು ಅನ್ನೋ ಗುರುತು. ಅದರ ಕೆಳಗೆ ಉಪ್ಪು ಕಡಿಮೆ, ಎಣ್ಣೆ ಕಡಿಮೆ. ಕಟ್ಟಕಡೆಗೆ ಎರಡು ಪದ: ಅವಾಯ್ಡ್ ಎಕ್ಸರ್ಷನ್. ಅಪ್ಪ ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾರೆ. ಆ ಸಾಲಿನ ಮೇಲೆ ಬೆರಳಿಟ್ಟು, "ಅದೇನಮ್ಮ ಅದು, ಎಕ್ಸರ್ಷನ್ನು?" ಅಂತ ಕೇಳಿದರು. ನನ್ನ ಒಂದು ಕೈಯಲ್ಲಿ ಬಿಲ್ಲು, ಇನ್ನೊಂದು ಕೈಯಲ್ಲಿ ಅವರ ಬಟ್ಟೆಯ ಚೀಲ. ಕಾರಿನವನು ಎರಡು ಸಲ ಫೋನ್ ಮಾಡಿಬಿಟ್ಟಿದ್ದ. "ಶ್ರಮದ ಕೆಲಸ ಏನೂ ಮಾಡಬಾರದು ಅಂತ ಅಪ್ಪ" ಅಂದೆ. ಅಷ್ಟೇ. ತುಮಕೂರು ದಾಟುವವರೆಗೂ ಅಪ್ಪ ಮಾತಾಡಲಿಲ್ಲ. ಆಮೇಲೆ ಕಿಟಕಿಯಾಚೆ ನೋಡುತ್ತಲೇ, "ಶ್ರಮ ಇಲ್ಲದ ಕೆಲಸ ಯಾವುದಮ್ಮ ಇದೆ?" ಅಂದರು. ನಾನು ಏನೂ ಹೇಳಲಿಲ್ಲ.

ತಿಪಟೂರು ಕಡೆಯ ನಮ್ಮೂರಿನಲ್ಲಿ ಅಪ್ಪನಿಗೆ ಬೆಳಗಾಗುತ್ತಿದ್ದದ್ದು ಬಾವಿಯಲ್ಲಿ. ಮನೆಗೆ ನಲ್ಲಿ ಬಂದು ಎಷ್ಟೋ ವರ್ಷ ಆಗಿತ್ತು. ಆದರೂ ದೇವರ ನೀರು, ಹಸುವಿನ ನೀರು ಬಾವಿಯಿಂದಲೇ ಆಗಬೇಕು. ರಾಟೆ ಕಿರುಗುಟ್ಟುವ ಸದ್ದಿಗೇ ನಾವೆಲ್ಲ ಏಳುತ್ತಿದ್ದೆವು. ಆಸ್ಪತ್ರೆಯಿಂದ ಬಂದ ಮೇಲೆ ಆ ಸದ್ದು ನಿಂತಿತು. ಮೊದಲು ಬಾವಿ ಬಿಟ್ಟರು. ಆಮೇಲೆ ತೋಟಕ್ಕೆ ಹೋಗೋದು ಬಿಟ್ಟರು. ಹಸುವಿಗೆ ಹುಲ್ಲು ಹಾಕೋದು, ಅಂಗಡಿಗೆ ಹೋಗೋದು, ಕೊನೆಗೆ ಪೂಜೆಗೆ ದಾಸವಾಳ ಕೀಳೋದನ್ನೂ ಬಿಟ್ಟರು. ಕೈ ಮೇಲೆತ್ತಿ ಕೊಂಬೆ ಬಗ್ಗಿಸಬೇಕಲ್ಲ, ಅದೂ ಶ್ರಮವೇ ಅಲ್ವಾ? ಮೂರು ತಿಂಗಳು ಜಗಲಿಯ ಕಂಬಕ್ಕೆ ಒರಗಿ ಕೂತರು. ಹೇಳಿದ ಮಾತನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ರೋಗಿ ಆ ಆಸ್ಪತ್ರೆಗೆ ಇನ್ನೊಬ್ಬರು ಸಿಕ್ಕಿರಲಿಕ್ಕಿಲ್ಲ. ಒಂದು ದಿನ ಪಂಚೆ ಸರಿಮಾಡಿಕೊಳ್ಳುವಾಗ ಅವರ ತೊಡೆ ನೋಡಿದೆ. ಅರ್ಧಕ್ಕರ್ಧ ಸಣ್ಣಗಾಗಿತ್ತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಳೆ ತೆಗೆದು ಮತ್ತೆ ಓದಿದೆ. ಎಕ್ಸರ್ಷನ್ ಬೇಡ ಅನ್ನೋ ಸಾಲಿನ ಪಕ್ಕದಲ್ಲೇ, ಸ್ವಲ್ಪ ಸಣ್ಣ ಅಕ್ಷರದಲ್ಲಿ, ತಡೆದುಕೊಳ್ಳುವಷ್ಟು ವಾಕಿಂಗ್ ಮಾಡಬೇಕು ಅಂತಲೂ ಇತ್ತು. ನಾನು ಅದನ್ನು ಓದಿ ಹೇಳಿರಲೇ ಇಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಎಕ್ಸರ್ಷನ್ ಹುಟ್ಟಿದ್ದು ಎಕ್ಸರ್ಟ್ ಅನ್ನೋ ಕ್ರಿಯಾಪದದಿಂದ, ಆ ಪದ ನನಗೆ ಹೊಸದೇನಲ್ಲ. ಎಂಟನೇ ಕ್ಲಾಸಿನ ಬಲ ಮತ್ತು ಒತ್ತಡದ ಪಾಠದ ಇಂಗ್ಲಿಷ್ ಪುಸ್ತಕ ತೆಗೆದರೆ ಪುಟಪುಟದಲ್ಲೂ ಅದೇ. ದ್ರವ ಪಾತ್ರೆಯ ಗೋಡೆಯ ಮೇಲೆ ಒತ್ತಡ ಎಕ್ಸರ್ಟ್ ಮಾಡುತ್ತದೆ, ಗಾಳಿ ನಮ್ಮ ಮೇಲೆ ಎಕ್ಸರ್ಟ್ ಮಾಡುತ್ತದೆ, ಅಯಸ್ಕಾಂತ ಕಬ್ಬಿಣದ ಮೇಲೆ ಮಾಡುತ್ತದೆ. ಪ್ರತಿ ವರ್ಷ ಆ ಪದವನ್ನು ದಾಟಿಕೊಂಡು ಹೋಗುವವಳು, ಅಪ್ಪ ಕೇಳಿದಾಗ ಮಾತ್ರ ಬಾಯಿಗೆ ಮೊದಲು ಬಂದದ್ದನ್ನು ಹೇಳಿಬಿಟ್ಟೆ. ಅವತ್ತಿನಿಂದ ಆ ಪದ ನನ್ನನ್ನು ಬಿಟ್ಟಿಲ್ಲ.

ದಾಸವಾಳದ ದಂಟು

ಈ ಪದದ ಬೇರು ಲ್ಯಾಟಿನ್. ಎಕ್ಸ್ ಅಂದರೆ ಹೊರಗೆ. ಉಳಿದ ಭಾಗಕ್ಕೆ ಸೇರಿಸು, ಪೋಣಿಸು ಅನ್ನೋ ಅರ್ಥ. ಒಳಗೆ ಸೇರಿಸಿದರೆ ಇನ್ಸರ್ಟ್. ಸಾಲಾಗಿ ಪೋಣಿಸಿದರೆ ಸೀರೀಸ್. ಹೊರಗೆ ಚಾಚಿದರೆ ಎಕ್ಸರ್ಟ್. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಬರೀ ಇಷ್ಟೇ: ಒಳಗಿರುವುದನ್ನು ಹೊರಗೆ ಚಾಚು. ಶಕ್ತಿ, ಬೆವರು, ಅಧಿಕಾರ ಎಲ್ಲ ಆಮೇಲೆ ಅಂಟಿಕೊಂಡವು.

ಸಸ್ಯಶಾಸ್ತ್ರದವರು ಆ ಹಳೆ ಅರ್ಥವನ್ನು ಹಾಗೇ ಉಳಿಸಿಕೊಂಡಿದ್ದಾರೆ. ಹೂವಿನ ಕೇಸರ ಎಸಳುಗಳನ್ನು ದಾಟಿ ಆಚೆ ಬಂದಿದ್ದರೆ ಅದನ್ನು ಎಕ್ಸ್‌ಸರ್ಟೆಡ್ ಅನ್ನುತ್ತಾರೆ. ಒಂದು 'ಎಸ್' ಜಾಸ್ತಿ, ಪದ ಅದೇ. ದಾಸವಾಳವನ್ನು ಕೈಯಲ್ಲಿ ಹಿಡಿದು ನೋಡಿ. ಐದು ಎಸಳಿನ ನಡುವಿನಿಂದ ಒಂದು ದಂಟು ಉದ್ದಕ್ಕೆ ಹೊರಗೆ ಬಂದಿರುತ್ತದೆ. ಅದರ ಮೈತುಂಬ ಹಳದಿ ಪುಡಿಯ ಸಣ್ಣ ಸಣ್ಣ ಗುಂಡು. ತುದಿಯಲ್ಲಿ ಐದು ಕೆಂಪು ಚುಕ್ಕಿ. ಅದನ್ನು ಯಾರೂ ಎಳೆದಿಲ್ಲ, ತಳ್ಳಿಲ್ಲ. ಮೊಗ್ಗಿನೊಳಗೆ ಮಡಚಿಕೊಂಡಿದ್ದದ್ದು ಬೆಳಗ್ಗೆ ಹೊರಗೆ ಬಂದಿದೆ, ಅಷ್ಟೇ. ನಮ್ಮ ಹಿತ್ತಲಲ್ಲಿ ನಿಂತು ಈ ದಂಟನ್ನು ನೋಡುತ್ತಾ ನನಗೆ ಒಂದು ವಿಷಯ ಹೊಳೆಯಿತು. ಎಕ್ಸರ್ಟ್ ಅಂದರೆ ಹೊರಗೆ ಹಾಕೋದು. ಶ್ರಮ ಅಂದರೆ ಹೊರಗೆ ಹಾಕಿದವನಿಗೆ ಆಮೇಲೆ ಆಗೋದು. ನಾನು ಅಪ್ಪನಿಗೆ ಎರಡನೆಯದನ್ನು ಹೇಳಿದ್ದೆ.

ಬೆವರು ಯಾಕೆ ಬಂತು?

ಒಂಬತ್ತನೇ ಕ್ಲಾಸಿನಲ್ಲಿ ಕೆಲಸದ ಪಾಠ ಮಾಡುವಾಗ ಪ್ರತಿ ವರ್ಷ ಒಂದು ಜಗಳ ಆಗುತ್ತದೆ. ಗೋಡೆಯನ್ನು ಎಷ್ಟೇ ತಳ್ಳಿದರೂ ಗೋಡೆ ಜರುಗದಿದ್ದರೆ, ಗೋಡೆಯ ಮೇಲೆ ಆದ ಕೆಲಸ ಸೊನ್ನೆ ಅಂತ ಹೇಳುತ್ತೇನೆ. ಬಲವನ್ನು ದೂರದಿಂದ ಗುಣಿಸಬೇಕು, ದೂರ ಸೊನ್ನೆ. ಒಬ್ಬ ಹುಡುಗ ಎದ್ದು ಹೋಗಿ ನಿಜವಾಗಿಯೂ ಗೋಡೆ ತಳ್ಳಿದ. ಒಂದೆರಡು ನಿಮಿಷ ಬಿಟ್ಟು ಹಣೆ ಒರೆಸಿಕೊಳ್ಳುತ್ತಾ, "ಮಿಸ್, ಕೆಲಸ ಸೊನ್ನೆ ಅಂದ್ರಿ, ಮತ್ತೆ ಬೆವರು ಯಾಕೆ ಬಂತು?" ಅಂದ. ಆ ಪ್ರಶ್ನೆಯನ್ನು ನಾನು ತುಂಬಾ ಇಷ್ಟಪಡುತ್ತೇನೆ. ಉತ್ತರ ಮೈಯೊಳಗಿದೆ. ಒಂದು ದಪ್ಪ ಪುಸ್ತಕವನ್ನು ಮೇಜಿನ ಮೇಲಿಡಿ. ಮೇಜು ಅದನ್ನು ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಇವತ್ತು, ನಾಳೆ, ಮುಂದಿನ ವರ್ಷವೂ. ಮೇಜಿಗೆ ಸುಸ್ತಿಲ್ಲ. ಅದೇ ಪುಸ್ತಕವನ್ನು ಕೈ ಮುಂದೆ ಚಾಚಿ ಹಿಡಿದುಕೊಳ್ಳಿ. ಸ್ವಲ್ಪ ಹೊತ್ತಿಗೇ ತೋಳು ನಡುಗುತ್ತದೆ. ಕೈ ಅಲ್ಲಾಡದೆ ನಿಂತಂತೆ ಕಂಡರೂ ಸ್ನಾಯುವಿನ ಎಳೆಗಳು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಾ ಇರುತ್ತವೆ. ಪ್ರತಿ ಹಿಡಿತಕ್ಕೂ ಒಂದಿಷ್ಟು ಶಕ್ತಿ ಉರಿಯುತ್ತದೆ. ಬೆವರು ಅಲ್ಲಿಂದ ಬರೋದು.

ಅಂದರೆ ಮೇಜು ಎಕ್ಸರ್ಟ್ ಮಾಡುತ್ತದೆ, ಶ್ರಮಪಡುವುದಿಲ್ಲ. ಬಿಂದಿಗೆಯಲ್ಲಿರುವ ನೀರು ಬಿಂದಿಗೆಯ ಗೋಡೆಯನ್ನು ಸದಾ ಒತ್ತುತ್ತದೆ, ಅದಕ್ಕೂ ಶ್ರಮ ಇಲ್ಲ. ಇಂಗ್ಲಿಷ್ ಈ ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದೆ. ಮೇಜು ಮಾಡುವುದೂ ಅದೇ, ಅಪ್ಪ ಬಾವಿಯಲ್ಲಿ ಮಾಡುತ್ತಿದ್ದದ್ದೂ ಅದೇ. ಹಾಗಾಗಿ ಕನ್ನಡಕ್ಕೆ ತರುವಾಗ ಯಾರು ಮಾಡುತ್ತಿದ್ದಾರೆ, ಯಾರ ಮೇಲೆ ಅಂತ ನಾವು ನೋಡಲೇಬೇಕು.

ಬೀರು, ಹೇರು

ನೋಡುತ್ತಾ ಹೋದಾಗ ಸಿಕ್ಕಿದ್ದು ನನಗೆ ಖುಷಿ ಕೊಟ್ಟಿತು. ಇಂಗ್ಲಿಷಿನಲ್ಲಿ ಪ್ರಭಾವಕ್ಕೂ ಎಕ್ಸರ್ಟ್, ಒತ್ತಡಕ್ಕೂ ಎಕ್ಸರ್ಟ್, ಅಧಿಕಾರಕ್ಕೂ ಎಕ್ಸರ್ಟ್. ನಮ್ಮಲ್ಲಿ ಮೂರಕ್ಕೂ ಬೇರೆ ಬೇರೆ. ಪ್ರಭಾವ ಬೀರುತ್ತಾರೆ. ಒತ್ತಡ ಹೇರುತ್ತಾರೆ. ಅಧಿಕಾರ ಚಲಾಯಿಸುತ್ತಾರೆ. ಯಾರೂ ಪ್ರಭಾವ ಹೇರುವುದಿಲ್ಲ, ಒತ್ತಡ ಬೀರುವುದಿಲ್ಲ. ಹಾಗೆ ಬರೆದರೆ ಮಕ್ಕಳಿಗೂ ಕಿವಿಗೆ ಚುಚ್ಚುತ್ತದೆ.

ಬೀರು ಅನ್ನೋದನ್ನೇ ನೋಡಿ. ಸಂಕ್ರಾಂತಿಯ ಸಂಜೆ ಹೊಸ ಲಂಗ ಉಟ್ಟ ಹೆಣ್ಣುಮಕ್ಕಳು ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟುಕೊಂಡು ಮನೆಮನೆಗೆ ಹೋಗುತ್ತಾರಲ್ಲ, ಅದನ್ನು ಎಳ್ಳು ಬೀರೋದು ಅನ್ನುತ್ತೇವೆ. ಮಲ್ಲಿಗೆ ಪರಿಮಳ ಬೀರುತ್ತದೆ, ದೀಪ ಬೆಳಕು ಬೀರುತ್ತದೆ, ಮಗು ನಗೆ ಬೀರುತ್ತದೆ. ತನ್ನೊಳಗಿರುವುದನ್ನು ಸುತ್ತ ಹರಡೋದು. ಯಾರ ಬೆನ್ನಿಗೂ ಭಾರ ಆಗುವುದಿಲ್ಲ. ಲ್ಯಾಟಿನ್ನಿನ ಆ ಹಳೆ ಅರ್ಥಕ್ಕೆ, ದಾಸವಾಳದ ದಂಟಿಗೆ, ಇಷ್ಟು ಹತ್ತಿರದ ಪದ ನಮ್ಮ ಹಬ್ಬದ ತಟ್ಟೆಯಲ್ಲೇ ಇತ್ತು.

ಹೇರು ಅನ್ನೋದು ಎತ್ತಿನ ಬೆನ್ನಿನ ಮಾತು. ಗಾಡಿಗೆ ಗೊಬ್ಬರ ಹೇರುತ್ತೇವೆ, ತೆಂಗಿನಕಾಯಿ ಹೇರುತ್ತೇವೆ. ಎತ್ತನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ದಂಡ ಹೇರುತ್ತಾರೆ, ನಿರ್ಬಂಧ ಹೇರುತ್ತಾರೆ. ಹಿಂದಿ ಹೇರಿಕೆ ಅಂದಾಗ ಆ ಪದದಲ್ಲೇ ನಮ್ಮ ಸಿಟ್ಟು ಸೇರಿಕೊಂಡಿರುತ್ತದೆ, ಬೇರೆ ವಿವರಣೆ ಬೇಕಾಗುವುದಿಲ್ಲ. ಇನ್ನು ಚಲಾಯಿಸು ಅನ್ನೋದು ಬಸ್ಸಿನ ಚಕ್ರ ಹಿಡಿದವನ ಮಾತು. ಮತ ಚಲಾಯಿಸುವುದೂ ಅದೇ ಪದದಲ್ಲಿ. ಆ ಒಂದು ದಿನವಾದರೂ ಚಕ್ರ ನಮ್ಮ ಕೈಗೆ ಬರುತ್ತದೆ.

ಇಂಗ್ಲಿಷಿನ ಪದ ಬಲ ಹಾಕುವವನನ್ನು ನೋಡುತ್ತದೆ. ಕನ್ನಡದ ಪದಗಳು ಅದನ್ನು ತಾಳಿಕೊಳ್ಳುವವನ ಕಡೆ ತಿರುಗಿ ನೋಡುತ್ತವೆ. ಅವನಿಗೆ ಸಿಕ್ಕಿದ್ದು ಎಳ್ಳೋ, ಹೊರೆಯೋ ಅಂತ ಕೇಳುತ್ತವೆ. ಇದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ನಾವು ಮಕ್ಕಳಿಗೆ ಇಂಗ್ಲಿಷ್ ಪದಕ್ಕೆ ಎದುರಾಗಿ ಒಂದೇ ಕನ್ನಡ ಪದ ಬರೆಸಿ ಬಾಯಿಪಾಠ ಮಾಡಿಸುತ್ತೇವೆ. ಎಕ್ಸರ್ಟ್ ಅಂದರೆ ಪ್ರಯೋಗಿಸು, ಮುಗೀತು. ಪರೀಕ್ಷೆಗೆ ಅಷ್ಟು ಸಾಕಾಗುತ್ತದೆ. ಆದರೆ ಅದೇ ಮಗು ಮುಂದೊಂದು ದಿನ ಆಸ್ಪತ್ರೆಯ ಬಾಗಿಲಲ್ಲಿ ಹಾಳೆ ಹಿಡಿದು ನಿಂತಾಗ ಸಾಕಾಗುವುದಿಲ್ಲ.

ದಮ್ ಕಟ್ಟಿ ಎಳೀರೋ

ಅಪ್ಪನ ಪ್ರಶ್ನೆಗೆ ಬೀರು, ಹೇರು ಎರಡೂ ಉತ್ತರ ಅಲ್ಲ. ಅಲ್ಲಿ ಬೇರೆಯವರ ಮೇಲೆ ಹಾಕುವ ಮಾತೇ ಇಲ್ಲ. ತನ್ನನ್ನು ತಾನೇ ಹೊರಗೆ ಹಾಕಿಕೊಳ್ಳುವ ಮಾತು. ಅದಕ್ಕೆ ಸರಿಯಾದ ಕನ್ನಡವನ್ನು ನಾನು ಚಿಕ್ಕಂದಿನಲ್ಲೇ ಕೇಳಿದ್ದೆ, ನೆನಪಾಗಿರಲಿಲ್ಲ.

ನಮ್ಮೂರ ತೇರು. ನನಗೆ ಒಂಬತ್ತೋ ಹತ್ತೋ ವರ್ಷ. ಅಜ್ಜಿಯ ಸೆರಗು ಹಿಡಿದು ಕಟ್ಟೆಯ ಮೇಲೆ ನಿಂತಿದ್ದೆ. ಜನ ತೇರಿನ ಕಳಶಕ್ಕೆ ಗುರಿಯಿಟ್ಟು ಬಾಳೆಹಣ್ಣು, ದವನ ಎಸೆಯುತ್ತಿದ್ದರು. ತೇರು ಅಲ್ಲಾಡುತ್ತಿರಲಿಲ್ಲ. ತೋಳಿನಷ್ಟು ದಪ್ಪದ ಮಿಣಿ, ಅದನ್ನು ಹಿಡಿದ ನೂರಾರು ಜನ. ಹಿಂದುಗಡೆ ಚಕ್ರಕ್ಕೆ ಸನ್ನೆಗೋಲು ಕೊಟ್ಟು ನಿಂತ ಏಳೆಂಟು ಗಂಡಸರು, ಅದರಲ್ಲಿ ಅಪ್ಪನೂ ಒಬ್ಬರು. ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಯಜಮಾನರೊಬ್ಬರು ಗಾಲಿಯ ಪಕ್ಕ ನಿಂತು ಕೂಗಿದರು, "ದಮ್ ಕಟ್ಟಿ ಎಳೀರೋ! ಐಸಾ!" ಜನ "ಐಸಾ" ಅಂದರು. ಅಪ್ಪನ ಕತ್ತಿನ ನರ ಹುರಿಯ ಹಾಗೆ ಉಬ್ಬಿತು. ಮುಖ ಕೆಂಪಾಗಿ ಆಮೇಲೆ ಕಪ್ಪಾಯಿತು. ಒಂದು ಕ್ಷಣ ಅವರ ಉಸಿರೇ ನಿಂತಿತ್ತು. ತೇರು ಕೂದಲೆಳೆಯಷ್ಟೂ ಜರುಗಲಿಲ್ಲ. ಮತ್ತೆ ಐಸಾ. ಮೂರನೇ ಸಲಕ್ಕೆ ಗಾಲಿ ನರಳಿದಂತೆ ಸದ್ದು ಮಾಡಿ ಒಂದು ಸುತ್ತಿನ ಕಾಲುಭಾಗ ಉರುಳಿತು. ಆಮೇಲೆ ತಾನೇ ಓಡತೊಡಗಿತು. ನಿಂತದ್ದನ್ನು ಹೊರಡಿಸಲು ಬೇಕಾದಷ್ಟು ಬಲ ಹೊರಟದ್ದನ್ನು ಉರುಳಿಸಲು ಬೇಡ, ಘರ್ಷಣೆಯ ಪಾಠದಲ್ಲಿ ನಾನು ಇವತ್ತಿಗೂ ಆ ತೇರನ್ನೇ ಹೇಳುತ್ತೇನೆ. ಮೊದಲ ಎರಡು ಐಸಾಗಳಲ್ಲಿ ತೇರಿನ ಮೇಲೆ ಆದ ಕೆಲಸ ಲೆಕ್ಕದ ಪ್ರಕಾರ ಸೊನ್ನೆ. ಅಪ್ಪ ಹೊರಗೆ ಹಾಕಿದ್ದು ಸೊನ್ನೆಯಲ್ಲ.

ದಮ್ ಕಟ್ಟೋದು. ಉಸಿರು ಬಿಗಿಹಿಡಿದು ಇದ್ದಬದ್ದ ಕಸುವನ್ನೆಲ್ಲ ಒಂದೇ ಸಲ ಹಾಕೋದು. ಡಾಕ್ಟರು ಬೇಡ ಅಂದದ್ದು ಮುಖ್ಯವಾಗಿ ಇದನ್ನು.

ಆರರಿಂದ ಇಪ್ಪತ್ತು

ಇದನ್ನು ನನಗೆ ಬಿಡಿಸಿ ಹೇಳಿದವರು ಫಿಸಿಯೋಥೆರಪಿಯ ಹುಡುಗಿ. ತೊಡೆ ಸಣ್ಣಗಾದದ್ದು ನೋಡಿ ಹೆದರಿ ಅಪ್ಪನನ್ನು ಮತ್ತೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಡಾಕ್ಟರು ಪರೀಕ್ಷೆ ಮಾಡಿ, ಹೃದಯ ಚೆನ್ನಾಗಿದೆ, ನಡೆದಾಡಲೇಬೇಕು ಅಂತ ಹೇಳಿ ಆಕೆಯ ಹತ್ತಿರ ಕಳಿಸಿದರು. ಗೋಡೆಯ ಮೇಲೆ ಒಂದು ಪಟ್ಟಿ ಇತ್ತು. 6ರಿಂದ ಶುರುವಾಗಿ 20ಕ್ಕೆ ಮುಗಿಯುವ ಅಂಕಿಗಳು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅನ್ನೋ ಮನೋವಿಜ್ಞಾನಿ ಮಾಡಿದ ಅಳತೆ ಅದು. ಎಷ್ಟು ಎಕ್ಸರ್ಷನ್ ಆಗುತ್ತಿದೆ ಅಂತ ಯಂತ್ರ ಹೇಳುವುದಿಲ್ಲ, ನಡೆಯುತ್ತಿರುವವರೇ ಹೇಳಬೇಕು. ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಸುಮಾರಾಗಿ ಆ ಹೊತ್ತಿನ ಹೃದಯ ಬಡಿತ ಬರಲಿ ಅಂತಲೇ 6ರಿಂದ ಶುರು ಮಾಡಿದ್ದು. ಬಡಿತ ಕಡಿಮೆ ಮಾಡುವ ಮಾತ್ರೆ ತಗೊಳ್ಳುವವರಿಗೆ ಈ ಗುಣಾಕಾರ ಹೊಂದುವುದಿಲ್ಲ, ಆದರೂ ಅವರ ಮೈಗೆ ಅನ್ನಿಸಿದ್ದು ಲೆಕ್ಕಕ್ಕೆ ಬರುತ್ತದೆ. ಪಟ್ಟಿಯಲ್ಲಿ ಎಲ್ಲ ಇಂಗ್ಲಿಷ್. ಆಕೆ ಅಪ್ಪನಿಗೆ ಕನ್ನಡದಲ್ಲಿ ಹೇಳಿದರು. "6 ಅಂದ್ರೆ ಸುಮ್ನೆ ಕೂತ ಹಾಗೆ. 11 ಅಂದ್ರೆ ಹಗುರ. 13 ಅಂದ್ರೆ ಸ್ವಲ್ಪ ಕಷ್ಟ, ಆದ್ರೆ ಮಾಡಬಹುದು. 20 ಅಂದ್ರೆ ಇನ್ನು ನನ್ನ ಕೈಲಾಗಲ್ಲ. ನೀವು 13 ದಾಟಬೇಡಿ ತಾತ."

ಅಪ್ಪ ಸ್ವಲ್ಪ ಹೊತ್ತು ಪಟ್ಟಿಯನ್ನೇ ನೋಡಿದರು. ಆಮೇಲೆ ಕೇಳಿದರು, "ಅರ್ಧ ಬಿಂದಿಗೆ ನೀರು ಸೇದಿದ್ರೆ ಎಷ್ಟಾಗುತ್ತಮ್ಮ?" ಆಕೆ ನಗಲಿಲ್ಲ. ಬಾವಿ ಎಷ್ಟು ಆಳ, ಹಗ್ಗ ಹೇಗಿದೆ, ರಾಟೆ ಇದೆಯಾ ಅಂತೆಲ್ಲ ವಿಚಾರಿಸಿದರು. ಮೊದಲು ಆರು ವಾರ ಬರೀ ನಡಿಗೆ, ನಡೆಯುತ್ತಾ ಮಾತಾಡಬೇಕು, ಮಾತು ತುಂಡಾಗಬಾರದು ಅಂದರು. ಆಮೇಲೆ ಮತ್ತೆ ಬನ್ನಿ, ನೋಡೋಣ. ಕೊನೆಗೆ ಎದ್ದು ನಿಲ್ಲುವಾಗ ಹೇಳಿದರು, "ಏನೇ ಎತ್ತಿದ್ರೂ ದಮ್ ಕಟ್ಟಬೇಡಿ ತಾತ. ಉಸಿರು ಬಿಡ್ತಾ ಎತ್ತಿ. ಬೆಳಗ್ಗೆ ಹೊರಗೆ ಹೋದಾಗಲೂ ಅಷ್ಟೇ, ತಿಣುಕಬೇಡಿ." ಉಸಿರು ಬಿಗಿಹಿಡಿದು ತಿಣುಕಿದಾಗ ಎದೆಯೊಳಗಿನ ಒತ್ತಡ ಏರುತ್ತದೆ, ರಕ್ತದೊತ್ತಡ ಒಮ್ಮೆಗೇ ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತದೆ. ಅದನ್ನೆಲ್ಲ ಆಕೆ ವಿವರಿಸುವ ಮೊದಲೇ ಅಪ್ಪನಿಗೆ ಅರ್ಥ ಆಗಿಹೋಗಿತ್ತು. "ತೇರು ಎಳೆಯೋ ಹಾಗೆ ಎಳೀಬಾರದು ಅಂತೀರಿ" ಅಂದರು. ಇದು ಅಪ್ಪನ ಹೃದಯ ನೋಡಿ ಅವರಿಗೆ ಹೇಳಿದ ಲೆಕ್ಕ. ಬೇರೆಯವರದ್ದು ಬೇರೆ ಇರುತ್ತದೆ, ಅವರವರ ಡಾಕ್ಟರನ್ನೇ ಕೇಳಬೇಕು.

ನಾನೊಬ್ಬಳೇ ಈ ತಪ್ಪು ಮಾಡಿದವಳಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಹೃದಯಾಘಾತ ಆದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಲು ಬಿಡದ ಕಾಲ ಇತ್ತು. 1952ರಲ್ಲಿ ಬಾಸ್ಟನ್ನಿನ ಹೃದಯದ ಡಾಕ್ಟರುಗಳಾದ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಬೇಗ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ ತಮ್ಮ ಅನುಭವ ಬರೆದರು. ಬರೀ ಕುರ್ಚಿ. ಅಷ್ಟೇ ಆಗ ದೊಡ್ಡ ಹೆಜ್ಜೆ. ಅದಕ್ಕೂ ಎಷ್ಟೋ ಹಿಂದೆ, 1768ರಲ್ಲಿ, ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಎದೆನೋವಿನ ಬಗ್ಗೆ ಮೊದಲ ಸಲ ಸ್ಪಷ್ಟವಾಗಿ ವಿವರಿಸಿದ. ನಡೆಯುವಾಗ, ಅದರಲ್ಲೂ ಊಟವಾದ ಮೇಲೆ ಏರು ಹತ್ತುವಾಗ ಎದೆ ಹಿಡಿದುಕೊಳ್ಳುತ್ತದೆ, ನಿಂತ ಕೂಡಲೇ ಬಿಟ್ಟುಬಿಡುತ್ತದೆ ಅಂತ. ಎಕ್ಸರ್ಷನ್ ಮತ್ತು ಎದೆನೋವಿನ ನಂಟನ್ನು ಕಂಡ ಅದೇ ಹೆಬರ್ಡನ್ ಇನ್ನೊಂದು ಸಾಲನ್ನೂ ಬರೆದಿಟ್ಟಿದ್ದಾನೆ: ದಿನಾ ಅರ್ಧ ಗಂಟೆ ಮರ ಕೊಯ್ಯುವ ಕೆಲಸ ಇಟ್ಟುಕೊಂಡ ಒಬ್ಬ ರೋಗಿ ಹೆಚ್ಚುಕಡಿಮೆ ಗುಣವೇ ಆದ. ಇದನ್ನು ಓದಿದ ದಿನ ನಾನು ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಯಾವ ಮರವಂತೆ?" ಅಂತ ಕೇಳಿದರು.

ಕಳೆದ ಶನಿವಾರ ಊರಿಗೆ ಹೋಗಿದ್ದೆ. ಬೆಳಗ್ಗೆ ರಾಟೆಯ ಸದ್ದಿಗೆ ಎಚ್ಚರವಾಯಿತು. ಹಿತ್ತಲಿಗೆ ಹೋದೆ. ಅಪ್ಪ ಬಾವಿಕಟ್ಟೆಯ ಹತ್ತಿರ ಕಾಲು ಅಗಲಿಸಿ ನಿಂತಿದ್ದರು. ನಮ್ಮ ರಾಟೆ ಒಂಟಿ ರಾಟೆ. ಅದು ಭಾರ ಕಡಿಮೆ ಮಾಡುವುದಿಲ್ಲ, ಮೇಲಕ್ಕೆ ಎಳೆಯುವುದನ್ನು ಕೆಳಕ್ಕೆ ಎಳೆಯುವ ಹಾಗೆ ತಿರುಗಿಸಿಕೊಡುತ್ತದೆ, ಅಷ್ಟೇ. ಹಾಗಾಗಿ ಬಿಂದಿಗೆಯಲ್ಲಿ ಎಷ್ಟು ಭಾರವೋ ಅಪ್ಪನ ಕೈಗೂ ಅಷ್ಟೇ ಭಾರ. ಬಿಂದಿಗೆ ಅರ್ಧ ತುಂಬಿದ ಕೂಡಲೇ ಹಗ್ಗ ಜಗ್ಗಿ ಮೇಲೆತ್ತುತ್ತಾರೆ. ಒಂದು ಎಳೆತ, ಬಾಯಿಂದ ನಿಧಾನಕ್ಕೆ ಒಂದು ಉಸಿರು. ಕೈ ಬದಲಿಸೋದು. ಇನ್ನೊಂದು ಎಳೆತ, ಇನ್ನೊಂದು ಉಸಿರು. ನನ್ನನ್ನು ನೋಡಿದವರೇ ಮಾತು ಶುರು ಮಾಡಿದರು. ಪಕ್ಕದ ತೋಟದವರ ಹಸು ಕರು ಹಾಕಿದ್ದು, ಈ ಸಲದ ಕೊಬ್ಬರಿ ರೇಟು, ಅಮ್ಮನ ಮಂಡಿನೋವು, ಎಲ್ಲ ಹೇಳುತ್ತಾ ಎಳೆಯುತ್ತಾ ಇದ್ದರು. ಬಿಂದಿಗೆ ಕಟ್ಟೆಯ ಮೇಲೆ ಬಂತು. "ನೋಡು, ಎಲ್ಲೂ ಮಾತು ತುಂಡಾಗಲಿಲ್ಲ" ಅಂದರು.

"ಎಷ್ಟಪ್ಪ?" ಅಂದೆ.

"ಹನ್ನೊಂದು" ಅಂದರು. ನೀರನ್ನು ಹಸುವಿನ ಬಾನಿಗೆ ಸುರಿದು, ತಳದಲ್ಲಿ ಉಳಿದದ್ದನ್ನು ದಾಸವಾಳದ ಬುಡಕ್ಕೆ ಹಾಕಿದರು.